ಕಂಪನಿ ಡೆಸ್ಕ್‌ಟಾಪ್‌ಗೆ ಲಿಕ್ವಿಡ್ ಕೂಲಿಂಗ್ ಹಾಕಿಸಬಹುದಾ?

ಪ್ರಶ್ನೆ: ನಮ್ಮದು ಸಿಂಧನೂರು. ಮೂರು ವರ್ಷದ ಹಿಂದೆ ರೆಡಿಮೇಡ್ ಡೆಸ್ಕ್‌ಟಾಪ್ ತಗೊಂಡೆವು. ಏಪ್ರಿಲ್ ಬಂತೆಂದರೆ ಫ್ಯಾನ್ ಒಂದೇ ಸಮ ಕೂಗುತ್ತದೆ, ವಿಡಿಯೊ ಎಡಿಟಿಂಗ್ ಅರ್ಧದಲ್ಲೇ ನಿಧಾನವಾಗುತ್ತದೆ. ಲಿಕ್ವಿಡ್ ಕೂಲಿಂಗ್ ಹಾಕಿಸಿದರೆ ಸರಿಹೋಗುತ್ತಾ? ಆಗಾಗ ನೀರು ತುಂಬಿಸಬೇಕಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಹೇಳಿಬಿಡುತ್ತೇನೆ. ನೀರು ತುಂಬಿಸಬೇಕಿಲ್ಲ. ನಮ್ಮ ಕಡೆ ಕೂಲರ್ ಅಂದ ಕೂಡಲೇ ಕಿಟಕಿಯಲ್ಲಿ ಕೂತು ಕೊಡಗಟ್ಟಲೆ ನೀರು ಕುಡಿಯುವ ಡಬ್ಬಿ ಕಣ್ಣಮುಂದೆ ಬರುತ್ತದೆ. ಇದು ಹಾಗಲ್ಲ. ಅಂಗಡಿಯವರು 'ಎಐಒ' (ಆಲ್-ಇನ್-ಒನ್, ಅಂದರೆ ಎಲ್ಲವೂ ಸೇರಿದ್ದು) ಅಂತ ಕೊಡುವ ಸೆಟ್‌ನಲ್ಲಿ ದ್ರವವನ್ನು ಕಾರ್ಖಾನೆಯಲ್ಲೇ ತುಂಬಿ ಮುಚ್ಚಿರುತ್ತಾರೆ. ಪ್ರೊಸೆಸರ್ ಮೇಲೆ ತಾಮ್ರದ ತಳವಿರುವ ಬ್ಲಾಕ್ ಕೂರುತ್ತದೆ. ಒಂದು ಪುಟ್ಟ ಪಂಪ್ ದ್ರವವನ್ನು ತಿರುಗಿಸುತ್ತದೆ. ಬಿಸಿ ಪೈಪ್ ಹಿಡಿದು ರೇಡಿಯೇಟರ್‌ಗೆ ಹೋಗುತ್ತದೆ, ಅಲ್ಲಿನ ಫ್ಯಾನ್ ಅದನ್ನು ಗಾಳಿಗೆ ಬಿಡುತ್ತದೆ.

ತೊಡಕಿರುವುದು ಆ ಗಾಳಿಯಲ್ಲೇ. ಮಣ್ಣಿನ ಗಡಿಗೆಯ ನೀರು ತಣ್ಣಗಿರುವುದು ಅದು ಸ್ವಲ್ಪ ಸ್ವಲ್ಪವೇ ಆವಿಯಾಗುವುದರಿಂದ. ಶಕ್ತಿನಗರದ ವಿದ್ಯುತ್ ಸ್ಥಾವರದ ದೊಡ್ಡ ಕೂಲಿಂಗ್ ಟವರ್‌ಗಳ ಗುಟ್ಟೂ ಅದೇ. ಎಐಒದಲ್ಲಿ ಆವಿಯಾಗಲು ದಾರಿಯೇ ಇಲ್ಲ, ಎಲ್ಲಾ ಮುಚ್ಚಿದೆ. ಹಾಗಾಗಿ ಕೋಣೆಯಲ್ಲಿ 40 ಡಿಗ್ರಿ ಇದ್ದರೆ ಒಳಗಿನ ದ್ರವ ಅದಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಮೇ ತಿಂಗಳ ರಾಯಚೂರಿನಲ್ಲಿ ಇದು ಸಣ್ಣ ಮಾತಲ್ಲ. ಲಿಕ್ವಿಡ್ ಕೂಲಿಂಗ್ ಬಿಸಿಯನ್ನು ಬೇಗ ಹೊರಗೆ ಒಯ್ಯುತ್ತದೆ, ಅಷ್ಟೇ.

ಈಗ ನಿಮ್ಮ ಡೆಸ್ಕ್‌ಟಾಪ್ ವಿಷಯ. ಬ್ರ್ಯಾಂಡೆಡ್ ಕಂಪನಿಗಳ ಕ್ಯಾಬಿನೆಟ್ ಹೆಚ್ಚಾಗಿ ಇಕ್ಕಟ್ಟು. ಎರಡು ಫ್ಯಾನ್‌ನ 240 ಮಿಲಿಮೀಟರ್ ರೇಡಿಯೇಟರ್‌ಗೆ ಅದರಲ್ಲಿ ಜಾಗವೇ ಇರುವುದಿಲ್ಲ. ಹಿಂದೆ 120ರದ್ದು ಹಿಡಿಸಿದರೂ ಅದು ಒಳ್ಳೆಯ ಟವರ್ ಕೂಲರ್‌ಗಿಂತ (ಲೋಹದ ಹಾಳೆಗಳ ಗೋಪುರಕ್ಕೆ ಫ್ಯಾನ್ ಕಟ್ಟಿದ್ದು, ದ್ರವ ತಿರುಗಿಸುವ ಪಂಪ್ ಇಲ್ಲ) ಅಂಥ ಜಾಸ್ತಿ ಏನೂ ಮಾಡುವುದಿಲ್ಲ. ಕೆಲವು ಮದರ್‌ಬೋರ್ಡ್‌ಗಳಲ್ಲಿ ಕೂಲರ್ ಕೂರಿಸುವ ತೂತು, ಫ್ಯಾನ್ ಪಿನ್ ಎರಡೂ ಬೇರೆ ಥರ ಇರುತ್ತವೆ. ಹಳೆಯ ಫ್ಯಾನ್ ಕಾಣಲಿಲ್ಲ ಅಂದರೆ ಕಂಪ್ಯೂಟರ್ ಆನ್ ಮಾಡಿದಾಗಲೆಲ್ಲ ಎರರ್ ತೋರಿಸಿ ನಿಲ್ಲುವ ಮಾಡೆಲ್‌ಗಳೂ ಉಂಟು. ವಾರಂಟಿ ಬಾಕಿ ಇದ್ದರೆ ಆ ಚೀಟಿಯನ್ನೂ ಒಮ್ಮೆ ಓದಿಕೊಳ್ಳಿ.

ದುಡ್ಡು ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ. ಎಚ್‌ಡಬ್ಲ್ಯೂಇನ್ಫೊ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು, ಒಂದು ವಿಡಿಯೊ ರೆಂಡರ್ ಮಾಡುತ್ತಾ (ಎಡಿಟ್ ಮಾಡಿದ್ದನ್ನು ಕೊನೆಯ ಫೈಲ್ ಮಾಡುತ್ತಾ) ಪ್ರೊಸೆಸರ್ ಎಷ್ಟು ಡಿಗ್ರಿಗೆ ಹೋಯಿತು ನೋಡಿ. ಇಂಟೆಲ್‌ನ ಹೆಚ್ಚಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು 100 ಡಿಗ್ರಿ ಮುಟ್ಟಿದರೆ ಸುಡದಿರಲೆಂದು ತಾವೇ ವೇಗ ಇಳಿಸುತ್ತವೆ. ನಿಮ್ಮ ವಿಡಿಯೊ ನಿಧಾನವಾಗುವುದು ಬಹುಶಃ ಇದರಿಂದಲೇ. ಆಮೇಲೆ ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದಿಟ್ಟು ಅದೇ ವಿಡಿಯೊ ಮತ್ತೆ ರೆಂಡರ್ ಮಾಡಿ. ಎಂಟು ಹತ್ತು ಡಿಗ್ರಿ ಇಳಿಯಿತಾ? ಹಾಗಾದರೆ ಕೂಲರ್‌ನದು ತಪ್ಪಿಲ್ಲ, ಕ್ಯಾಬಿನೆಟ್ ಒಳಗೆ ಗಾಳಿ ಆಡುತ್ತಿಲ್ಲ. ಒಂದು ಫ್ಯಾನ್ ಸೇರಿಸಿದರೆ ಸಾಕಾಗಬಹುದು.

ಬಾಗಿಲು ತೆಗೆದರೂ ಏನೂ ಇಳಿಯದಿದ್ದರೆ ಹೀಟ್‌ಸಿಂಕ್, ಅಂದರೆ ಪ್ರೊಸೆಸರ್ ಬಿಸಿ ಹೀರಲು ಫ್ಯಾನಿನ ಕೆಳಗಿರುವ ಲೋಹದ ತುಂಡು, ನೋಡಿ. ಹಿಂದೊಮ್ಮೆ ಬಳ್ಳಾರಿಯ ಜೀನ್ಸ್ ಹೊಲಿಯುವ ಜಾಗದಿಂದ ಒಂದು ಡೆಸ್ಕ್‌ಟಾಪ್ ನನ್ನ ಕೈಗೆ ಬಂದಿತ್ತು. ಅವರಿಗೂ ಲಿಕ್ವಿಡ್ ಕೂಲಿಂಗೇ ಬೇಕಿತ್ತು. ಫ್ಯಾನಿನ ನಾಲ್ಕು ಸ್ಕ್ರೂ ಬಿಚ್ಚಿದೆ. ಕೆಳಗೆ ನೀಲಿ ಕಂಬಳಿ! ಡೆನಿಮ್ ನೂಲಿನ ಧೂಳು ಒತ್ತಿ ಒತ್ತಿ ಗಟ್ಟಿಯಾಗಿ, ಹಪ್ಪಳದ ಹಾಗೆ ಇಡಿಯಾಗಿ ಎದ್ದು ಬಂತು. ಹೀಟ್‌ಸಿಂಕ್ ಅಡಿಯಲ್ಲಿ, ಪ್ರೊಸೆಸರ್‌ನಿಂದ ಬಿಸಿ ದಾಟಿಸಲು ಹಚ್ಚುವ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದಂತೆ ಉದುರುತ್ತಿತ್ತು. ಒರೆಸಿ, ಹೊಸ ಪೇಸ್ಟ್ ಹಚ್ಚಿ ಕಳಿಸಿದೆ. ಕೂಗಾಟ ನಿಂತಿತು. ನಿಮ್ಮೂರಿನಲ್ಲಿ ಅಕ್ಕಿ ಗಿರಣಿಗಳ ಹೊಟ್ಟು ಇದೆಯಲ್ಲ, ಅದೂ ಕಡಿಮೆ ಏನಲ್ಲ. ಬ್ಲೋವರ್ ಹೊಡೆಯುವಾಗ ಮಾತ್ರ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಗಿರ್ರನೆ ತಿರುಗಲು ಬಿಡಬೇಡಿ.

ಇಷ್ಟಾದರೂ ತೃಪ್ತಿ ಇಲ್ಲದಿದ್ದರೆ ನಾನು ಹೇಳುವುದು ಟವರ್ ಕೂಲರ್. ಇಂಟೆಲ್ ಐ5-12400 ಪ್ರೊಸೆಸರ್ ಕಾಗದದ ಮೇಲೆ 65 ವ್ಯಾಟ್, ಜೋರು ಕೆಲಸ ಬಿದ್ದಾಗ 117ರವರೆಗೆ ಏರುತ್ತದೆ. ಅದನ್ನೂ ಎರಡು ಸಾವಿರ ರೂಪಾಯಿ ಆಸುಪಾಸಿನ ಟವರ್ ಕೂಲರ್ ಆರಾಮಾಗಿ ತಡೆಯುತ್ತದೆ. ಅಂಥದ್ದಕ್ಕೆ ಎಐಒ ಹಾಕುವುದೆಂದರೆ ಎಕ್ಸೆಲ್ ಗಾಡಿಗೆ ಲಾರಿ ರೇಡಿಯೇಟರ್ ಕಟ್ಟಿದ ಹಾಗೆ. ಕೊಳ್ಳುವ ಮುಂಚೆ ಮದರ್‌ಬೋರ್ಡ್‌ನಿಂದ ಪಕ್ಕದ ಬಾಗಿಲಿಗೆ ಎಷ್ಟು ಎತ್ತರವಿದೆ ಅಂತ ಸ್ಕೇಲ್ ಇಟ್ಟು ಅಳೆಯಿರಿ. ದೊಡ್ಡ ಟವರ್‌ಗಳು 155 ಮಿಲಿಮೀಟರ್ ಬೇಡುತ್ತವೆ.

ಇದಕ್ಕಿಂತ ಜೋರಾದ ಐ7, ಐ9 ಪ್ರೊಸೆಸರ್ ಇದ್ದು ಎಐಒ ಹಾಕಲೇಬೇಕು ಅನ್ನುವವರು ಮೊದಲು ಕ್ಯಾಬಿನೆಟ್ ಬದಲಿಸಬೇಕಾಗುತ್ತದೆ, ಅದಕ್ಕೆ ಕಂಪನಿ ಮದರ್‌ಬೋರ್ಡ್ ಕೂರುತ್ತದಾ ಅನ್ನುವುದು ಇನ್ನೊಂದು ತಲೆನೋವು. ರೇಡಿಯೇಟರ್‌ನ ಮೇಲ್ತುದಿ ಪಂಪ್‌ಗಿಂತ ಎತ್ತರದಲ್ಲಿರಲಿ. ಇಲ್ಲದಿದ್ದರೆ ಗಾಳಿಗುಳ್ಳೆ ಪಂಪ್‌ನಲ್ಲಿ ಸೇರಿ ಗೊರಗೊರ ಅನ್ನುತ್ತದೆ. ತಾಮ್ರದ ತಳಕ್ಕೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ ಕೀಳಲು ಮರೆಯಬೇಡಿ. ನಗಬೇಡಿ, ಇದನ್ನು ಮರೆತವರು ತುಂಬಾ ಜನ.

ಕಿಟಕಿಯ ಕೂಲರ್ ಇರುವ ಕೋಣೆಯಲ್ಲೇ ಡೆಸ್ಕ್‌ಟಾಪ್ ಇಡುವುದು ಒಳ್ಳೆಯದೇ, ಕೋಣೆ ತಣ್ಣಗಾದಷ್ಟೂ ಅದೂ ತಣ್ಣಗಿರುತ್ತದೆ. ಆದರೆ ಕೂಲರ್ ಬಾಯಿಗೆ ನೇರವಾಗಿ ಇಡಬೇಡಿ. ಗಾಳಿಯ ಜೊತೆ ಹನಿ ಹಾರುತ್ತವೆ. ಬೋರ್ ನೀರು ಕೂಲರ್ ಹುಲ್ಲಿನ ಮೇಲೆ ಬಿಡುವ ಬಿಳಿ ಉಪ್ಪು ನೋಡಿದ್ದೀರಲ್ವಾ, ಅದು ಮದರ್‌ಬೋರ್ಡ್ ಮೇಲೆ ಬೇಡ.