ಬಂಗಡೆ ಪೆಟ್ಟಿಗೆಯಲ್ಲಿ ರಕ್ತ ಹೋಗುವುದಿಲ್ಲ

ಗಡಿಯಲ್ಲಿ ಗುಂಡು ಹಾರಿದ ಸುದ್ದಿ ಬಂದರೆ ಸಾಕು, ಕಾರವಾರದಿಂದ ಭಟ್ಕಳದ ತನಕ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಮಾತು: ಸೈನಿಕರಿಗೆ ರಕ್ತ ಬೇಕಂತೆ, ನಾಳೆಯೇ ಶಿಬಿರ ಮಾಡೋಣ. ಮನಸ್ಸು ಒಳ್ಳೆಯದೇ, ಲೆಕ್ಕ ಮಾತ್ರ ತಪ್ಪು. ಕೆಂಪು ರಕ್ತಕಣಗಳ ಚೀಲ 2ರಿಂದ 6 ಡಿಗ್ರಿಯಲ್ಲಿ ಇಟ್ಟರೆ 35 ದಿನ ಬಾಳುತ್ತದೆ, ಪೋಷಕ ದ್ರಾವಣ ಸೇರಿಸಿದರೆ 42 ದಿನ. ಊರಿಗೆ ಊರೇ ಒಂದೇ ವಾರ ಕೊಟ್ಟರೆ ಅದೆಲ್ಲದರ ಅವಧಿಯೂ ಒಂದೇ ವಾರ ಮುಗಿಯುತ್ತದೆ. 2001ರ ಸೆಪ್ಟೆಂಬರ್ ದಾಳಿಯ ಬಳಿಕ ಅಮೆರಿಕದ ಜನ ಹೀಗೇ ಸಾಲುಗಟ್ಟಿ ಕೊಟ್ಟ ರಕ್ತದಲ್ಲಿ ಬಹಳಷ್ಟು ಬಳಕೆಯಾಗದೆ ಹಾಳಾಯಿತು.

ಯುದ್ಧಭೂಮಿಯ ಆಸ್ಪತ್ರೆಗೆ ಸಾಮಾನು ಮುಟ್ಟಿಸುವುದೇ ದೊಡ್ಡ ತಲೆನೋವು. ಒಂದು ಜಂಬೋ ಆಮ್ಲಜನಕ ಸಿಲಿಂಡರ್ ನೋಡಿ. ಒಳಗಿನ ಅನಿಲ ಸುಮಾರು 10 ಕಿಲೋ, ಹೊರಗಿನ ಉಕ್ಕು 50 ಕಿಲೋಗಿಂತ ಜಾಸ್ತಿ. ಲಾರಿ ಹೊರುವುದು ಮುಖ್ಯವಾಗಿ ಕಬ್ಬಿಣವನ್ನೇ! ಸಲೈನ್ ಅಂದರೆ ಬಹುಪಾಲು ನೀರು. ಜನರೇಟರಿಗೆ ಡೀಸೆಲ್ ಬೇಕು. ಇವೆಲ್ಲ ಭಾರ, ಆದರೆ ದಾರಿಯಲ್ಲಿ ಎರಡು ದಿನ ನಿಂತರೂ ಕೆಡುವುದಿಲ್ಲ. ರಕ್ತ ಹಾಗಲ್ಲ.

ಬೈತ್ಕೋಲ್ ಬಂದರಿನ ಮೀನು ಪೆಟ್ಟಿಗೆ ನಮಗೆಲ್ಲ ಗೊತ್ತು. ಒಂದು ಪದರ ಬಂಗಡೆ, ಒಂದು ಪದರ ಐಸ್. ಒಂದು ಕಿಲೋ ಐಸ್ ಕರಗುವಾಗ ಎಳೆದುಕೊಳ್ಳುವ ಶಾಖದಲ್ಲಿ ಒಂದು ಕಿಲೋ ನೀರನ್ನು 0ಯಿಂದ 80 ಡಿಗ್ರಿಗೆ ಕಾಯಿಸಬಹುದು. ಅಷ್ಟು ಶಾಖ ನುಂಗುತ್ತಿದ್ದರೂ, ಪೂರ್ತಿ ಕರಗುವ ತನಕ ಅದು 0 ಡಿಗ್ರಿಯಲ್ಲೇ ಕೂತಿರುತ್ತದೆ. ಬಂಗಡೆಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಹಾಗಾದರೆ ರಕ್ತವನ್ನೂ ಅದರಲ್ಲೇ ಹೂತು ಕಳಿಸಬಹುದಲ್ವಾ?

ಬೇಡ. ಫ್ರೀಜರಿನಿಂದ ಆಗಷ್ಟೇ ತೆಗೆದ ಐಸ್ 0ಗಿಂತ ಎಷ್ಟೋ ಕೆಳಗಿರುತ್ತದೆ. ಅದು ಚೀಲಕ್ಕೆ ತಾಗಿದರೆ ರಕ್ತ ಹರಳುಗಟ್ಟುತ್ತದೆ. ನೀರಿನ ಭಾಗ ಗಟ್ಟಿಯಾದಂತೆ ಉಳಿದ ದ್ರವದಲ್ಲಿ ಉಪ್ಪು ಹೆಚ್ಚುತ್ತದೆ, ಕಣಗಳು ಒಡೆಯುತ್ತವೆ. ಒಳಗಿದ್ದ ಹಿಮೋಗ್ಲೋಬಿನ್ ಹೊರಗೆ ಚೆಲ್ಲುತ್ತದೆ. ಅಂಥ ರಕ್ತ ಕೊಟ್ಟರೆ ಗಾಯಾಳುವಿನ ಮೂತ್ರಪಿಂಡಕ್ಕೇ ಪೆಟ್ಟು. ಅದಕ್ಕೇ ಬೇಕಾದದ್ದು 0ಗಿಂತ ಸ್ವಲ್ಪ ಮೇಲೆ ಕರಗುವ 'ಐಸ್'. ಅಂಥ ವಸ್ತುಗಳಿವೆ. ಮೇಣದ ಬಳಗದ ಟೆಟ್ರಾಡೆಕೇನ್ ಸುಮಾರು 6 ಡಿಗ್ರಿಯಲ್ಲಿ ಕರಗುತ್ತದೆ. ಈ ಗುಣದ ಹಲಗೆಗಳನ್ನು ಪೆಟ್ಟಿಗೆಯ ಒಳಗೋಡೆಗೆ ಕೂರಿಸಿ, ಹೊರಗೆ ಒಳ್ಳೆಯ ಶಾಖ ನಿರೋಧಕ ಕೊಟ್ಟರೆ, ಕರೆಂಟ್ ಇಲ್ಲದೆ ಕೆಲವು ಚೀಲ ರಕ್ತ ಮೂರು ದಿನದಷ್ಟು ತಣ್ಣಗಿರುತ್ತದೆ.

ನನಗೆ ತುಂಬ ಇಷ್ಟವಾದದ್ದು ಇದರ ಉಲ್ಟಾ ಆಟ. ಸಿಯಾಚಿನ್‌ನಲ್ಲಿ ಹೊರಗೆ ಮೈನಸ್ 30. ಅಲ್ಲಿ ರಕ್ತ ಚಳಿಗೆ ಮಂಜುಗಟ್ಟಿ ಕಲ್ಲಾಗದಂತೆ ಕಾಯಬೇಕು. ಅದೇ ವಸ್ತುವನ್ನು ಈಗ ದ್ರವವಾಗಿಯೇ ತುಂಬಿ. ಅದು ಗಟ್ಟಿಯಾಗುತ್ತಾ ತನ್ನ ಶಾಖ ಬಿಟ್ಟುಕೊಡುತ್ತದೆ, ಪೂರ್ತಿ ಗಟ್ಟಿಯಾಗುವ ತನಕ 6 ಡಿಗ್ರಿಯ ಸುತ್ತಲೇ ನಿಲ್ಲುತ್ತದೆ. ರಾಜಸ್ಥಾನದ ಮರಳಿಗೂ ಹಿಮನದಿಗೂ ಒಂದೇ ಪೆಟ್ಟಿಗೆ!

ಪೆಟ್ಟಿಗೆಯ ಕಥೆ ಹಳೆಯದು. ಮೊದಲ ಮಹಾಯುದ್ಧದ ಮುಂಚೆ ಕೊಡುವವನನ್ನೂ ಪಡೆಯುವವನನ್ನೂ ಅಕ್ಕಪಕ್ಕ ಮಲಗಿಸಬೇಕಿತ್ತು, ತಡಮಾಡಿದರೆ ರಕ್ತ ಹೆಪ್ಪುಗಟ್ಟುತ್ತಿತ್ತು. ಹೆಪ್ಪಿಗೆ ಕ್ಯಾಲ್ಸಿಯಂ ಬೇಕು, ಸಿಟ್ರೇಟ್ ಎಂಬ ಲವಣ ಅದನ್ನು ಕಟ್ಟಿಹಾಕುತ್ತದೆ. 1916ರಲ್ಲಿ ರೌಸ್ ಮತ್ತು ಟರ್ನರ್ ಎಂಬ ಸಂಶೋಧಕರು ಸಿಟ್ರೇಟಿಗೆ ಗ್ಲೂಕೋಸ್ ಸೇರಿಸಿ ಕಣಗಳನ್ನು ವಾರಗಟ್ಟಲೆ ಉಳಿಸಿದರು. ಮರುವರ್ಷ ಆಸ್ವಲ್ಡ್ ರಾಬರ್ಟ್‌ಸನ್ ಎಂಬ ಸೇನಾ ವೈದ್ಯ ಫ್ರಾನ್ಸಿನ ರಣರಂಗದಲ್ಲಿ ಮೊದಲೇ ತೆಗೆದಿಟ್ಟ 'ಓ' ಗುಂಪಿನ ರಕ್ತ ಬಳಸಿದ. ಸಾಗಿಸಿದ್ದು ಮದ್ದುಗುಂಡಿನ ಪೆಟ್ಟಿಗೆಯಲ್ಲಿ, ಐಸ್ ಮತ್ತು ಮರದ ಹೊಟ್ಟು ತುಂಬಿ. ಆ ಸಿಟ್ರೇಟ್ ಇವತ್ತೂ ಚೀಲದಲ್ಲಿದೆ. ಗಾಯಾಳುವಿಗೆ ಹತ್ತಾರು ಚೀಲ ಏರಿಸಿದರೆ ಅವನ ಕ್ಯಾಲ್ಸಿಯಂ ಕೂಡ ಕಟ್ಟಿಬೀಳುತ್ತದೆ, ಅದನ್ನು ಬೇರೆಯಾಗಿ ಕೊಡಬೇಕು. ಇನ್ನೊಂದು ತಮಾಷೆ: ಇಷ್ಟು ಕಷ್ಟಪಟ್ಟು ತಣ್ಣಗೆ ತಂದ ರಕ್ತವನ್ನು ಏರಿಸುವ ಮುಂಚೆ ಬೆಚ್ಚಗೆ ಮಾಡಬೇಕು. ಮೈ ತಣ್ಣಗಾದರೆ ಗಾಯದ ರಕ್ತ ನಿಲ್ಲುವುದಿಲ್ಲ.

ಮೂರು ದಿನ ಯಾಕೆ ಮುಖ್ಯ ಅಂತ ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ. 2024ರ ಜುಲೈಯಲ್ಲಿ ಶಿರೂರು ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿದ್ದನ್ನು ನೋಡಿದ್ದೇವೆ. ಮುಂಚೂಣಿಯ ಆಸ್ಪತ್ರೆಗೂ ಎಷ್ಟೋ ಸಲ ಇರುವುದು ಒಂದೇ ರಸ್ತೆ, ಅದರ ಮೇಲೆ ಶತ್ರುವಿನ ಕಣ್ಣು ಬೇರೆ.

ಗಾಯದ ರಕ್ತ ನಿಲ್ಲಿಸುವ ಕಣಗಳಾದ ಪ್ಲೇಟ್‌ಲೆಟ್ ವಿಷಯಕ್ಕೆ ಬಂದರೆ ಈ ಪೆಟ್ಟಿಗೆಯೂ ಸೋಲುತ್ತದೆ. ಸಾಮಾನ್ಯವಾಗಿ ಅವನ್ನು 20ರಿಂದ 24 ಡಿಗ್ರಿಯಲ್ಲಿ, ಸದಾ ಅಲ್ಲಾಡಿಸುತ್ತಾ ಇಡಬೇಕು. ಆಯುಸ್ಸು 5ರಿಂದ 7 ದಿನ. ಗುಡಾರದ ಆಸ್ಪತ್ರೆಗೆ ಅದು ತಲುಪುವುದೇ ಅಪರೂಪ. ಆಗ ಹಲವು ಸೇನೆಗಳು ರಕ್ತ ಕೊಡಲು ತಮ್ಮ ಸೈನಿಕರನ್ನೇ ಕರೆಯುತ್ತವೆ. ಗುಂಪು ಯಾವುದು, ಸೋಂಕು ಇದೆಯೇ ಅಂತ ಮೊದಲೇ ಪರೀಕ್ಷಿಸಿ ಪಟ್ಟಿ ಮಾಡಿಟ್ಟಿರುತ್ತಾರೆ. ತೋಳಿನಿಂದ ತೆಗೆದ ಬಿಸಿ ರಕ್ತದಲ್ಲಿ ಕೆಂಪು ಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಎಲ್ಲವೂ ಇರುತ್ತದೆ, ಐಸೂ ಬೇಡ, ಲಾರಿಯೂ ಬೇಡ. ಕೊಟ್ಟವನ ದ್ರವಾಂಶ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ. ಆಮ್ಲಜನಕ ಹೊರುವ ಕೆಂಪು ಕಣಗಳಿಗೆ ಮಾತ್ರ ವಾರಗಳೇ ಬೇಕು, ಅಲ್ಲಿಯ ತನಕ ಅವನನ್ನು ಎತ್ತರದ ಠಾಣೆಗೆ ಹತ್ತಿಸುವ ಮುಂಚೆ ಅಧಿಕಾರಿ ಎರಡು ಸಲ ಯೋಚಿಸಬೇಕಾಗುತ್ತದೆ.