ತಂಬಾಕಿನ ಪೊಟ್ಟಣದಿಂದ ಬಂದ ಬೇಸ್‌ಬಾಲ್ ಕಾರ್ಡುಗಳು: ಸ್ಥಿತಿಯನ್ನು ಅಳೆಯುವ ಬಗೆ

1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿಯು ತನ್ನ ಸಿಗರೇಟು ಮತ್ತು ತಂಬಾಕಿನ ಪೊಟ್ಟಣಗಳಲ್ಲಿ ಬೇಸ್‌ಬಾಲ್ ಆಟಗಾರರ ಬಣ್ಣದ ಕಾರ್ಡುಗಳನ್ನು ಇಟ್ಟು ಮಾರುತ್ತಿತ್ತು. ಸಂಗ್ರಾಹಕ ಜೆಫರ್ಸನ್ ಬರ್ಡಿಕ್ ತಮ್ಮ ಸೂಚಿಯಲ್ಲಿ ಕೊಟ್ಟ ಟಿ206 ಎಂಬ ಗುರುತೇ ಇಂದಿಗೂ ಈ ಸರಣಿಯ ಹೆಸರು. ಇದರಲ್ಲಿ ಅತ್ಯಂತ ಪ್ರಸಿದ್ಧವಾದ ಹೋನಸ್ ವ್ಯಾಗ್ನರ್ ಕಾರ್ಡಿನ ಒಂದು ಪ್ರತಿ 2022ರಲ್ಲಿ 72.5 ಲಕ್ಷ ಡಾಲರಿಗೆ ಮಾರಾಟವಾಯಿತು. ಹತ್ತರ ಮಾಪನದಲ್ಲಿ ಅದಕ್ಕೆ ದೊರೆತಿದ್ದ ದರ್ಜೆ ಕೇವಲ 2. ಅಷ್ಟು ವಿರಳವಲ್ಲದ ಕಾರ್ಡುಗಳಲ್ಲಿ ಮಾತ್ರ ಬೆಲೆಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಸ್ಥಿತಿಯೇ.

ಮೂಲೆ, ಅಂಚು, ಮೇಲ್ಮೈ, ಚೌಕಟ್ಟಿನೊಳಗೆ ಚಿತ್ರ ಕೂತಿರುವ ರೀತಿ, ಇವೇ ಪರೀಕ್ಷಕರು ನೋಡುವ ಅಂಶಗಳು. ಸುಮಾರು 36 ಮಿ.ಮೀ. ಅಗಲ, 67 ಮಿ.ಮೀ. ಎತ್ತರದ ಈ ಕಾರ್ಡಿನಲ್ಲಿ ಮೂಲೆಗಳೇ ಮೊದಲು ಸವೆಯುತ್ತವೆ. ಆದ್ದರಿಂದಲೇ ನೂರು ವರ್ಷ ದಾಟಿದ ಕಾರ್ಡಿನ ಮೂಲೆ ಹೊಸದರಂತೆ ಚೂಪಾಗಿದ್ದರೆ ಸಂತೋಷಪಡುವ ಮೊದಲು ಅನುಮಾನಿಸಬೇಕು. ಸವೆದ ಅಂಚನ್ನು ಕತ್ತರಿಸಿ ಒಪ್ಪಗೊಳಿಸುವ ಮೋಸ ಹಳೆಯದು: 8ರ ದರ್ಜೆ ಪಡೆದು ಮೆರೆದಿದ್ದ ಮತ್ತೊಂದು ವ್ಯಾಗ್ನರ್ ಕಾರ್ಡನ್ನು ತಾನೇ ಕತ್ತರಿಸಿದ್ದಾಗಿ ಅದರ ಹಿಂದಿನ ಮಾಲೀಕ 2013ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡ. ಕಾರ್ಖಾನೆಯ ಕತ್ತರಿಯೂ ಒಂದೇ ಅಳತೆಗೆ ಕೊಯ್ಯುತ್ತಿರಲಿಲ್ಲವಾದ್ದರಿಂದ ಅಳತೆಪಟ್ಟಿಯೊಂದನ್ನೇ ನಂಬುವಂತಿಲ್ಲ. ಓರೆ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು, ಅಂಚಿನ ನಾರುಗಳೂ ಮೇಲ್ಮೈಯಷ್ಟೇ ಮಾಸಿವೆಯೇ, ಇಲ್ಲವೇ ಈಚೆಗೆ ಕೊಯ್ದಂತೆ ಬೆಳ್ಳಗಿವೆಯೇ ಎಂದು ನೋಡಬೇಕು.

ನಕಲುಗಳನ್ನು ಹಿಡಿಯಲು ಕಾಗದ ಮತ್ತು ಶಾಯಿ ಎರಡೂ ನೆರವಾಗುತ್ತವೆ. ಮೂಲ ಕಾರ್ಡುಗಳು ಕಲ್ಲಚ್ಚಿನವು. ಬಣ್ಣಗಳನ್ನು ಒಂದರ ಮೇಲೊಂದರಂತೆ ಬೇರೆಬೇರೆಯಾಗಿ ಒತ್ತಿದ್ದರಿಂದ, ಕೆಳಗಿನ ಕಂದು ಬಣ್ಣದ ಹೆಸರಿನ ಅಕ್ಷರಗಳು ಹಿಗ್ಗಿಸಿ ನೋಡಿದಾಗಲೂ ತುಂಬಿಕೊಂಡೇ ಕಾಣುತ್ತವೆ. ಆಧುನಿಕ ಮರುಮುದ್ರಣಗಳಲ್ಲಿ ಅವೇ ಅಕ್ಷರಗಳು ಸಾಮಾನ್ಯವಾಗಿ ಬಣ್ಣದ ಚುಕ್ಕಿಗಳಾಗಿ ಒಡೆಯುತ್ತವೆ. ಇನ್ನು, ಕಾಗದವನ್ನು ಹೆಚ್ಚು ಬೆಳ್ಳಗೆ ಕಾಣಿಸಲು ಬೆರೆಸುವ, ನೇರಳಾತೀತ ಬೆಳಕಿನಲ್ಲಿ ಹೊಳೆಯುವ ರಾಸಾಯನಿಕಗಳು ಬಳಕೆಗೆ ಬಂದದ್ದು ಬಹಳ ತಡವಾಗಿ. ಹಾಗಾಗಿ ನೇರಳಾತೀತ ದೀಪದಡಿ ಕಾರ್ಡು ನೀಲಿ ಮಿಶ್ರಿತ ಬಿಳುಪಾಗಿ ಬೆಳಗಿದರೆ ಅದು ಆ ಕಾಲದ್ದಲ್ಲ ಎನ್ನಲು ಬಲವಾದ ಆಧಾರ ಸಿಕ್ಕಂತೆ.

ಎಲ್ಲ ಕಲೆಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಪೋಲಾರ್ ಬೇರ್ ಬ್ರ್ಯಾಂಡಿನ ಕಾರ್ಡುಗಳು ಬಿಡಿ ತಂಬಾಕಿನ ನಡುವೆಯೇ ಇರುತ್ತಿದ್ದುದರಿಂದ ಅವುಗಳ ಮೇಲೆ ಕಂದು ಕಲೆ ಸಾಮಾನ್ಯ. ದರ್ಜೆ ಇಳಿದರೂ ಆ ಕಲೆ ಕಾರ್ಡಿನ ಇತಿಹಾಸವೇ. ಅದನ್ನು ಬ್ಲೀಚಿನಿಂದ ತೆಗೆಯಹೊರಟರೆ ನಾರು ದುರ್ಬಲಗೊಂಡು ಕಾರ್ಡು ಶಾಶ್ವತವಾಗಿ ಕೆಡುತ್ತದೆ.