ಕಡ್ಡಿಯಿಂದ ಕಡ್ಡಿಗೆ ಬದುಕಿದ ಫಿಯಾನೊ

ದಕ್ಷಿಣ ಇಟಲಿಯ ನೇಪಲ್ಸ್‌ನಿಂದ ಪೂರ್ವಕ್ಕೆ ಸುಮಾರು 50 ಕಿಲೋಮೀಟರ್ ಹೋದರೆ ಇರ್ಪೀನಿಯಾದ ಗುಡ್ಡಗಳು ಶುರುವಾಗುತ್ತವೆ. ಅವೆಲ್ಲಿನೊ ಅಲ್ಲಿನ ಮುಖ್ಯ ಊರು. ಅದಕ್ಕೆ ಅಂಟಿಕೊಂಡಿರುವ ಅತ್ರಿಪಾಲ್ದಾದಲ್ಲಿ ಮಾಸ್ತ್ರೊಬೆರಾರ್ದಿನೊ ಮನೆತನದ ವೈನರಿ ಇದೆ. 1878ರಲ್ಲಿ ಆಂಜೆಲೊ ಮಾಸ್ತ್ರೊಬೆರಾರ್ದಿನೊ ಅದನ್ನು ವ್ಯಾಪಾರ ಸಂಸ್ಥೆಯಾಗಿ ನೋಂದಾಯಿಸಿದರು. ಈಗ ಅದೇ ಮನೆತನದ ಪಿಯೆರೊ ನೋಡಿಕೊಳ್ಳುತ್ತಿದ್ದಾರೆ. ಇಟಲಿಯಲ್ಲಿ ಇಂಥ ಹಳೆಯ ವೈನ್ ಮನೆತನಗಳಿಗೇನೂ ಬರವಿಲ್ಲ. ಇವರ ಕತೆಯಲ್ಲಿ ನನಗೆ ಕುತೂಹಲ ಹುಟ್ಟಿಸುವುದು ವೈನಿಗಿಂತ ಜಾಸ್ತಿ ಗಿಡದ ವಿಷಯ, ಅದರಲ್ಲೂ ಫಿಯಾನೊ ಎಂಬ ವೈನ್ ದ್ರಾಕ್ಷಿಯ ಬಳ್ಳಿ.

ಎರಡನೇ ಮಹಾಯುದ್ಧ ಮುಗಿದಾಗ ಇಲ್ಲಿನ ತೋಟಗಳು ಹಾಳುಬಿದ್ದಿದ್ದವು. ಬೇರಿನ ರಸ ಹೀರುವ ಕೀಟ ಆಗಲೇ ಬಂದುಹೋಗಿತ್ತು. ದುಡಿಯುವ ಕೈಗಳು ಯುದ್ಧಕ್ಕೋ ಅಮೆರಿಕಕ್ಕೋ ಹೋಗಿದ್ದವು. ಹೊಸದಾಗಿ ನೆಡುವವರೆಲ್ಲ ಜಾಸ್ತಿ ಇಳುವರಿ ಕೊಡುವ ತ್ರೆಬ್ಬಿಯಾನೊ, ಸಾಂಜೊವೇಸೆ ತಳಿಗಳ ಕಡೆ ವಾಲುತ್ತಿದ್ದರು. 1928ರಲ್ಲಿ ಹುಟ್ಟಿದ ಆಂತೋನಿಯೊ ಮಾಸ್ತ್ರೊಬೆರಾರ್ದಿನೊ ಆಗಿನ್ನೂ ಹುಡುಗ. ಆದರೂ ಹಟ ಹಿಡಿದು ಊರಿನ ಹಳೆಯ ತಳಿಗಳಾದ ಫಿಯಾನೊ, ಗ್ರೆಕೊ ಮತ್ತು ಅಲ್ಯಾನಿಕೊವನ್ನೇ ಆರಿಸಿಕೊಂಡರು. ಫಿಯಾನೊ ಅಂತೂ ಲೆಕ್ಕಾಚಾರದ ಮನುಷ್ಯ ನೆಡುವ ಬಳ್ಳಿಯಲ್ಲ. ಗೊಂಚಲು ಸಣ್ಣದು, ಸಿಪ್ಪೆ ದಪ್ಪ, ರಸ ಕಡಿಮೆ. ಆ ಹೊತ್ತಿಗೆ ಅದು ಅಲ್ಲೊಂದು ಇಲ್ಲೊಂದು ಬಳ್ಳಿಯಾಗಿ ಮಾತ್ರ ಉಳಿದಿತ್ತು.

ಆಂತೋನಿಯೊ ಉಳಿಸಿದ್ದು ಏನನ್ನು? ‘ಒಂದು ತಳಿಯನ್ನು’ ಎಂದು ಸುಮ್ನೆ ಹೇಳಿಬಿಡಬಹುದು. ಆದರೆ ದ್ರಾಕ್ಷಿಯಲ್ಲಿ ತಳಿ ಎಂದರೆ ಏನು ಎಂಬುದು ಸ್ವಲ್ಪ ವಿಚಿತ್ರ. ರಸಪುರಿ ಮಾವಿನ ವಾಟೆ ನೆಟ್ಟರೆ ರಸಪುರಿಯೇ ಬರುತ್ತದೆ ಎಂದು ನಂಬಲಾಗದು, ಅಲ್ವಾ? ದ್ರಾಕ್ಷಿಯೂ ಹಾಗೆಯೇ. ಅದರ ಪ್ರತಿಯೊಂದು ಜೀನಿಗೂ ಎರಡು ಪ್ರತಿಗಳಿವೆ. ಆ ಎರಡರ ನಡುವೆ ವ್ಯತ್ಯಾಸ ತುಂಬಾ. ಬೀಜ ಕಟ್ಟುವಾಗ ಇವೆಲ್ಲ ಕಲಸಿಹೋಗುತ್ತವೆ. ಹಾಗಾಗಿ ಫಿಯಾನೊ ಬೀಜದಿಂದ ಬರುವ ಸಸಿ ಫಿಯಾನೊದ ಮಗುವೇ ಹೊರತು ಫಿಯಾನೊ ಅಲ್ಲ. ಹಣ್ಣು ಹುಳಿಯಾಗಬಹುದು, ಸಪ್ಪೆಯಾಗಬಹುದು.

ಆದ್ದರಿಂದ ರೈತರು ಸಾವಿರಾರು ವರ್ಷಗಳಿಂದ ಕಡ್ಡಿಯನ್ನೇ ನೆಡುತ್ತಿದ್ದಾರೆ. ಚೆನ್ನಾಗಿ ಕಾಯುವ ಬಳ್ಳಿಯಿಂದ ಕಡ್ಡಿ ಕತ್ತರಿಸಿ ಮಣ್ಣಿಗಿಟ್ಟರೆ ಅದು ಬೇರು ಬಿಡುತ್ತದೆ. ಹೊಸ ಬಳ್ಳಿ ಹಳೆಯದರದೇ ಮುಂದುವರಿಕೆ. ಎಂದೋ ಒಂದು ದಿನ ಒಂದೇ ಒಂದು ಬೀಜ ಮೊಳೆತು ಬಂದದ್ದು ಫಿಯಾನೊ. ಇಂದು ಭೂಮಿಯ ಮೇಲಿರುವ ಎಲ್ಲ ಫಿಯಾನೊ ಬಳ್ಳಿಗಳೂ ಆ ಒಂದು ಸಸಿಯ ತುಂಡುಗಳು. ಪ್ರತಿ ತಲೆಮಾರಿನಲ್ಲೂ ಯಾರೋ ಒಬ್ಬರು ಕಡ್ಡಿ ಕತ್ತರಿಸಿರಲೇಬೇಕು. ಒಂದು ತಲೆಮಾರು ಬಿಟ್ಟುಬಿಟ್ಟರೆ ಸಾಕು, ಆ ತಳಿ ಮತ್ತೆ ಹುಟ್ಟುವುದಿಲ್ಲ.

ಇದು ಎಷ್ಟು ಕಾಲ ನಡೆಯಬಹುದು ಎಂಬುದಕ್ಕೆ ಫ್ರಾನ್ಸಿನಿಂದ ಒಂದು ಒಳ್ಳೆಯ ಸಾಕ್ಷ್ಯ ಸಿಕ್ಕಿದೆ. ಉತ್ಖನನದಲ್ಲಿ ಸಿಕ್ಕ 28 ಹಳೆಯ ದ್ರಾಕ್ಷಿ ಬೀಜಗಳ ಡಿಎನ್‌ಎ ಓದಿದ ವಿಜ್ಞಾನಿಗಳು 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಓರ್ಲಿಯಾನ್ ಊರಿನ ಮಧ್ಯಯುಗದ ಬೀಜವೊಂದರಲ್ಲಿದ್ದ ತಾಯಿ ಬಳ್ಳಿಯ ಡಿಎನ್‌ಎ ಇಂದಿಗೂ ಬೆಳೆಯುತ್ತಿರುವ ಸಾವಾನ್ಯಾಂ ಬ್ಲಾಂ ತಳಿಗೆ ತಾಳೆಯಾಯಿತು. ಸುಮಾರು 900 ವರ್ಷ ಒಂದೇ ಗಿಡ ಕೈಯಿಂದ ಕೈಗೆ ಬಂದಿದೆ ಎಂದಾಯಿತು.

ಡಿಎನ್‌ಎ ಪರೀಕ್ಷೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಒಂದೇ ಗಿಡ ಬೇರೆ ಬೇರೆ ಊರಿನಲ್ಲಿ ಬೇರೆ ಬೇರೆ ಹೆಸರಿಟ್ಟುಕೊಂಡು ಓಡಾಡುತ್ತಿದ್ದರೆ ಹಿಡಿದುಕೊಡುತ್ತದೆ. ನೇಪಲ್ಸ್‌ನ ಉತ್ತರಕ್ಕಿರುವ ಅವೆರ್ಸಾದಲ್ಲಿ ಅಸ್ಪ್ರಿನಿಯೊ ಎಂಬ ದ್ರಾಕ್ಷಿಯನ್ನು ಪಾಪ್ಲರ್ ಮರಗಳ ಮೇಲೆ ಹತ್ತು ಮೀಟರಿಗೂ ಎತ್ತರಕ್ಕೆ ಹಬ್ಬಿಸುತ್ತಾರೆ. ಕೊಯ್ಲಿಗೆ ಉದ್ದನೆಯ ಏಣಿ ಬೇಕು. ಅದರಿಂದ ಹಲ್ಲು ಜುಮ್ಮೆನ್ನುವಷ್ಟು ಹುಳಿಯಾದ ವೈನ್ ಬರುತ್ತದೆ. ಇತ್ತ ಇರ್ಪೀನಿಯಾದ ತೂಫೊ ಊರಿನಲ್ಲಿ ಗ್ರೆಕೊ ಗಿಡ್ಡ ಬಳ್ಳಿಯಾಗಿ ಗುಡ್ಡದ ಇಳಿಜಾರಿನಲ್ಲಿದೆ. ಡಿಎನ್‌ಎ ಹೋಲಿಸಿದರೆ ಎರಡೂ ಒಂದೇ. ಮಣ್ಣು, ಎತ್ತರ, ಬೆಳೆಸುವ ರೀತಿ ಬದಲಾದಾಗ ಒಂದೇ ಗಿಡ ಎಷ್ಟು ಬೇರೆಯಾಗಿ ಕಾಣಬಹುದು ನೋಡಿ.

ತೂಫೊದ ನೆಲದಲ್ಲಿ ಗಂಧಕ ಸಿಗುತ್ತದೆ. 19ನೇ ಶತಮಾನದಲ್ಲಿ ಅಲ್ಲಿ ಗಣಿಯೇ ಶುರುವಾಯಿತು. ಅಮೆರಿಕದಿಂದ ಯುರೋಪಿಗೆ ಬಂದ ಬೂದಿ ರೋಗಕ್ಕೆ ಗಂಧಕದ ಪುಡಿಯೇ ಮದ್ದು. ನಮ್ಮ ವಿಜಯಪುರದ ದ್ರಾಕ್ಷಿ ಬೆಳೆಗಾರರಿಗೂ ಈ ರೋಗ, ಈ ಮದ್ದು ಎರಡೂ ಚೆನ್ನಾಗಿ ಗೊತ್ತು.

ಬೂದಿ ರೋಗಕ್ಕೆ ಮದ್ದಾದರೂ ಸಿಕ್ಕಿತು. ಅದರ ಹಿಂದೆಯೇ, 1860ರ ದಶಕದಲ್ಲಿ, ಅಮೆರಿಕದಿಂದ ಫಿಲೊಕ್ಸೆರಾ ಎಂಬ ಕೀಟ ಬಂತು. ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣದು, ಬೇರಿನ ರಸ ಹೀರುತ್ತದೆ. ಅಮೆರಿಕದ ಕಾಡು ದ್ರಾಕ್ಷಿಗಳು ಇದರ ಜೊತೆಗೇ ಬೆಳೆದುಬಂದವು. ಕಚ್ಚಿದ ಜಾಗದ ಸುತ್ತ ಬೆಂಡಿನಂಥ ಪದರ ಕಟ್ಟಿ ಗಾಯವನ್ನು ಮುಚ್ಚಿಬಿಡುತ್ತವೆ. ಯುರೋಪಿನ ಬಳ್ಳಿಗೆ ಆ ವಿದ್ಯೆ ಗೊತ್ತಿಲ್ಲ. ಬೇರು ಗಂಟುಗಟ್ಟುತ್ತದೆ, ಗಾಯದೊಳಗೆ ಶಿಲೀಂಧ್ರ ನುಗ್ಗುತ್ತದೆ, ಕೆಲವೇ ವರ್ಷಗಳಲ್ಲಿ ಬಳ್ಳಿ ಸಾಯುತ್ತದೆ. ಪಕ್ಕದ ಬಳ್ಳಿಯೂ ಅಷ್ಟೇ, ಅದರಾಚೆಯದೂ ಅಷ್ಟೇ. ತೋಟದ ತುಂಬ ಒಂದೇ ಗಿಡದ ತುಂಡುಗಳಿದ್ದರೆ ಒಂದರ ದೌರ್ಬಲ್ಯ ಎಲ್ಲದರದ್ದೂ ತಾನೆ?

ಇರ್ಪೀನಿಯಾಕ್ಕೆ ಈ ಕೀಟ ತಡವಾಗಿ ಬಂತು. ವೆಸುವಿಯಸ್ ಜ್ವಾಲಾಮುಖಿ ಉಗುಳಿದ ಬೂದಿ, ಮರಳು ಈ ಸೀಮೆಯ ಮಣ್ಣಿನಲ್ಲಿ ಬೆರೆತಿದೆ. ಮರಳು ಮಣ್ಣಿನಲ್ಲಿ ಕೀಟದ ಮರಿಗಳಿಗೆ ಬೇರಿನಿಂದ ಬೇರಿಗೆ ಹೋಗಲು ದಾರಿಯೇ ಉಳಿಯುವುದಿಲ್ಲ. ಉಳಿದ ಕಡೆ ತೋಟ ಸಾಯುತ್ತಿದ್ದ ಆ ಕಾಲದಲ್ಲಿ ಇಲ್ಲಿನ ವೈನಿಗೆ ಎಲ್ಲಿಲ್ಲದ ಬೇಡಿಕೆ. ಅವೆಲ್ಲಿನೊದಿಂದ ರೊಕ್ಕೆತ್ತಾವರೆಗೆ 1895ರಲ್ಲಿ ಪೂರ್ತಿಯಾದ ರೈಲು ಹಾದಿ ದ್ರಾಕ್ಷಿ ಊರುಗಳ ನಡುವೆಯೇ ಹಾದುಹೋಗುತ್ತಿತ್ತು. ಆದರೆ ಕೊನೆಗೆ ಇಲ್ಲಿಗೂ ಕೀಟ ಬಂದೇ ಬಂತು.

ಪರಿಹಾರ ಕಸಿಯಲ್ಲಿತ್ತು. ಕೆಳಗೆ ಅಮೆರಿಕದ ಬೇರು, ಮೇಲೆ ಯುರೋಪಿನ ಕಡ್ಡಿ. ನಮ್ಮಲ್ಲೂ ಥಾಮ್ಸನ್ ದ್ರಾಕ್ಷಿಯನ್ನು ಡಾಗ್ರಿಜ್ ಬೇರಿನ ಮೇಲೆ ಕಸಿ ಕಟ್ಟುತ್ತಾರಲ್ಲ, ಆ ಡಾಗ್ರಿಜ್ ಕೂಡ ಅಮೆರಿಕದ್ದೇ. ನಮಗೆ ಅದು ಬೇಕಾದದ್ದು ಬರ ಮತ್ತು ಉಪ್ಪು ನೀರನ್ನು ತಡೆಯಲು. ಕಸಿಯಿಂದ ಯುರೋಪಿನ ದ್ರಾಕ್ಷಿ ಉಳಿಯಿತು ನಿಜ, ಆದರೆ ಎಲ್ಲವೂ ಉಳಿಯಲಿಲ್ಲ. ಕಸಿ ಕಟ್ಟಿ ಮತ್ತೆ ನೆಡಲು ದುಡ್ಡು ಬೇಕು. ದುಡ್ಡು ಹಾಕುವವನು ಮಾರಾಟವಾಗುವ ತಳಿಯನ್ನೇ ಆರಿಸುತ್ತಾನೆ. ಕೀಟಕ್ಕಿಂತ ಈ ಆಯ್ಕೆಯೇ ಎಷ್ಟೋ ಊರ ತಳಿಗಳನ್ನು ಅಳಿಸಿತು ಎನಿಸುತ್ತದೆ ನನಗೆ. ಆಂತೋನಿಯೊ ಅವರ ಹಟಕ್ಕೆ ಬೆಲೆ ಬರುವುದೂ ಇಲ್ಲಿಯೇ.

ಅವರ ಆಯ್ಕೆ ತಪ್ಪಾಗಿರಲಿಲ್ಲ ಎನ್ನಲು ಅಲ್ಯಾನಿಕೊ ಸಾಕು. ಅದು ಅಕ್ಟೋಬರ್ ಕೊನೆ, ಕೆಲವೊಮ್ಮೆ ನವೆಂಬರ್‌ವರೆಗೂ ಮಾಗುತ್ತಲೇ ಇರುತ್ತದೆ. ದ್ರಾಕ್ಷಿಯ ಹುಳಿಗೆ ಮುಖ್ಯವಾಗಿ ಟಾರ್ಟಾರಿಕ್ ಮತ್ತು ಮ್ಯಾಲಿಕ್ ಆಮ್ಲಗಳು ಕಾರಣ. ಸೆಕೆ ಜಾಸ್ತಿಯಾದರೆ ಹಣ್ಣು ತನ್ನ ಉಸಿರಾಟಕ್ಕೆ ಮ್ಯಾಲಿಕ್ ಆಮ್ಲವನ್ನು ಬಳಸಿ ಮುಗಿಸುತ್ತದೆ. ಗುಡ್ಡದ ತಣ್ಣನೆಯ ರಾತ್ರಿಗಳಲ್ಲಿ ಆ ಖರ್ಚು ಕಡಿಮೆ. ಸಕ್ಕರೆ ತುಂಬಿಕೊಳ್ಳುತ್ತದೆ, ಹುಳಿಯೂ ಉಳಿಯುತ್ತದೆ. ಸಿಪ್ಪೆ ಬೀಜಗಳಲ್ಲಿ ಒಗರಿನ ಟ್ಯಾನಿನ್ ಬೇರೆ. ಇದರಿಂದ ಮಾಡುವ ತೌರಾಸಿ ವೈನನ್ನು ಕನಿಷ್ಠ ಮೂರು ವರ್ಷ ಇಟ್ಟ ಮೇಲೆಯೇ ಮಾರಬೇಕು ಎಂಬ ನಿಯಮವಿದೆ. ಅಷ್ಟರಲ್ಲಿ ಒಗರು ಮೆತ್ತಗಾಗುತ್ತದೆ. ಮಾಸ್ತ್ರೊಬೆರಾರ್ದಿನೊ ಅವರ 1968ರ ತೌರಾಸಿಯನ್ನು ವೈನ್ ಬಲ್ಲವರು ಇಂದಿಗೂ ನೆನೆಯುತ್ತಾರೆ.

ಈ ಮನೆತನದ ಹೆಸರು ಹೊರಗೆ ಹೆಚ್ಚು ಕೇಳಿಬಂದದ್ದು ಪೊಂಪೇಯಿಂದ. ಕ್ರಿಸ್ತಶಕ 79ರಲ್ಲಿ ವೆಸುವಿಯಸ್ ಆ ಊರನ್ನು ಮುಚ್ಚಿತು. ಬಳ್ಳಿಗಳ ಬೇರು ಕೊಳೆತುಹೋದರೂ ಗಟ್ಟಿಯಾದ ನೆಲದಲ್ಲಿ ಬೇರಿನ ಆಕಾರದ ಪೊಳ್ಳು ಉಳಿಯಿತು. ಅಮೆರಿಕದ ಪುರಾತತ್ವಜ್ಞೆ ವಿಲ್ಹೆಲ್ಮಿನಾ ಜಶೆಮ್ಸ್ಕಿ 1960ರ ದಶಕದಲ್ಲಿ ಅಂಥ ಪೊಳ್ಳುಗಳನ್ನು ಶುಚಿಮಾಡಿ, ಸಿಮೆಂಟ್ ಸುರಿದು, ಗಟ್ಟಿಯಾದ ಮೇಲೆ ಸುತ್ತಲಿನ ಮಣ್ಣು ಬಿಡಿಸಿದರು. ಬೇರಿನ ಅಚ್ಚು ಕೈಗೆ ಬಂತು. ಆಂಫಿಥಿಯೇಟರ್ ಹತ್ತಿರದ ಒಂದೇ ಜಾಗದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಬಳ್ಳಿಗಳ ಗುರುತು ಸಿಕ್ಕಿತು. ನಡುವಿನ ಅಂತರ ನಾಲ್ಕು ರೋಮನ್ ಅಡಿ, ಅಂದರೆ ಸುಮಾರು 1.2 ಮೀಟರ್. 1996ರಲ್ಲಿ ಪುರಾತತ್ವ ಇಲಾಖೆಯ ಜೊತೆ ಸೇರಿ ಮಾಸ್ತ್ರೊಬೆರಾರ್ದಿನೊ ಅವರು ಪೊಂಪೇಯಲ್ಲಿ ಮತ್ತೆ ಬಳ್ಳಿ ನೆಡಲು ಶುರುಮಾಡಿದರು. ಪಿಯೆದಿರೊಸ್ಸೊ, ಶಾಶಿನೋಸೊ ಎಂಬ ಊರ ತಳಿಗಳಿಂದ ಮಾಡಿದ ಮೊದಲ ವೈನ್ 2001ರ ಕೊಯ್ಲಿನದು.

ಪತ್ರಿಕೆಗಳು ಇದನ್ನು ‘ರೋಮನ್ನರು ಕುಡಿದ ವೈನ್’ ಎಂದು ಕರೆದರೆ ಒಪ್ಪಬೇಡಿ. ಬೇರಿನ ಅಚ್ಚು ಬಳ್ಳಿ ಎಲ್ಲಿತ್ತು, ಎಷ್ಟು ದೂರದಲ್ಲಿತ್ತು ಎಂದು ಹೇಳುತ್ತದೆ. ಯಾವ ತಳಿ ಎಂದು ಹೇಳುವುದಿಲ್ಲ. ಸಿಮೆಂಟಿನಲ್ಲಿ ಡಿಎನ್‌ಎ ಎಲ್ಲಿಂದ ಬರಬೇಕು?

ಇನ್ನು ಮನೆತನದ ಮಾತು. 1994ರಲ್ಲಿ ಅಣ್ಣತಮ್ಮಂದಿರು ಪಾಲಾದರು. ಆಂತೋನಿಯೊ ಅವರಿಗೆ ಹೆಸರು, ಹಳೆಯ ವೈನರಿ. ವಾಲ್ಟರ್ ಅವರಿಗೆ ತೋಟಗಳ ದೊಡ್ಡ ಭಾಗ. ಅವರು ತೆರ್ರೆದೋರಾ ಎಂಬ ಹೊಸ ವೈನರಿ ಕಟ್ಟಿದರು. ನೆಲ ಹಂಚಿದರೆ ಒಬ್ಬೊಬ್ಬರಿಗೂ ಒಂದೊಂದು ತುಂಡು ಮಾತ್ರ. ಫಿಯಾನೊ ಮಾತ್ರ ಎಷ್ಟು ಪಾಲಾದರೂ ಎಲ್ಲರ ಬಳಿಯೂ ಪೂರ್ತಿಯಾಗಿಯೇ ಇರುತ್ತದೆ.

ಈ ಗುಣವೇ ಅದರ ತೊಂದರೆಯೂ ಹೌದು. ರೋಗಾಣುಗಳು ವರ್ಷ ವರ್ಷ ಬದಲಾಗುತ್ತವೆ, ಫಿಯಾನೊ ಬದಲಾಗದೆ ನಿಂತಿದೆ. ಹಾಗಾಗಿ ಗಂಧಕ, ತಾಮ್ರ ಸಿಂಪಡಿಸುತ್ತಲೇ ಇರಬೇಕು. ರೋಗ ತಡೆಯುವ ಬಳ್ಳಿಯೊಂದಿಗೆ ಅಡ್ಡಹಾಯಿಸಿದರೆ ಹುಟ್ಟುವ ಸಸಿ ಗಟ್ಟಿಯಾದೀತು, ಆದರೆ ಅದು ಫಿಯಾನೊ ಅಲ್ಲ. ‘ಫಿಯಾನೊ ದಿ ಅವೆಲ್ಲಿನೊ’ ಎಂದು ಬರೆಯಲು ಬಾಟಲಿಯಲ್ಲಿ ಕನಿಷ್ಠ ಶೇ 85 ಫಿಯಾನೊ ಇರಬೇಕು. ಇನ್ನೊಂದು ದಾರಿ ಜೀನ್ ತಿದ್ದುವುದು. 2024ರಲ್ಲಿ ವೆರೋನಾ ಪ್ರಾಂತ್ಯದಲ್ಲಿ ಹೀಗೆ ತಿದ್ದಿದ ಶಾರ್ದೊನೆ ಎಂಬ ದ್ರಾಕ್ಷಿ ತಳಿಯ ಸಸಿಗಳನ್ನು ಪ್ರಯೋಗಕ್ಕೆ ನೆಟ್ಟರು. 2025ರ ಫೆಬ್ರುವರಿಯಲ್ಲಿ ಯಾರೋ ರಾತ್ರಿ ಬಂದು ಅವನ್ನು ಕಡಿದು ಹಾಕಿದರು.

ಒಂದು ಜೀನ್ ತಿದ್ದಿದ ಫಿಯಾನೊ ಇನ್ನೂ ಫಿಯಾನೊ ತಾನೆ? ಹೌದು ಎನ್ನುತ್ತೇನೆ ನಾನು. ಶತಮಾನಗಳ ಕಡ್ಡಿ ಪ್ರಯಾಣದಲ್ಲಿ ಎಷ್ಟೋ ಸಣ್ಣ ಬದಲಾವಣೆಗಳು ತಾವಾಗಿಯೇ ಆಗಿರುತ್ತವೆ. ಅವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಆದರೆ ಪಿನೊ ದ್ರಾಕ್ಷಿಯಲ್ಲಿ ಬಣ್ಣದ ಜೀನ್ ಕೆಟ್ಟು ಕಪ್ಪು ಹಣ್ಣು ಬಿಳಿಯಾದಾಗ ಬೆಳೆಗಾರರು ಅದಕ್ಕೆ ಪಿನೊ ಬ್ಲಾಂ ಎಂದು ಬೇರೆ ಹೆಸರೇ ಇಟ್ಟರು. ಅವೆಲ್ಲಿನೊದ ಹಿರಿಯರು ನನ್ನ ಮಾತು ಒಪ್ಪುತ್ತಾರೆ ಎಂಬ ಭರವಸೆ ನನಗಂತೂ ಇಲ್ಲ.